ಇಳಿಯುವಾಗ ಇಸ್ಕೊಳ್ಳಿ

ಎಂಟೂಕಾಲಿಗೆ ಪೀಣ್ಯದ ಗಾರ್ಮೆಂಟ್ಸ್ ವ್ಯಾನು
ಶಶಿರೇಖಾಳನ್ನು ಹತ್ತಿಸಿಕೊಂಡು ತಿರುವಿನಲ್ಲಿ ಮರೆಯಾದ ಮೇಲೆ
ಲಗ್ಗೆರೆಯ ಈ ಎರಡನೇ ಮಹಡಿಯಲ್ಲಿ
ನಾನು, ಜೀವಿತಾ,
ಮತ್ತು ಎಷ್ಟು ಆಡಿದರೂ ಮುಗಿಯದ ಒಂದು ಬೆಳಿಗ್ಗೆ.
ನನ್ನದು ಸೆಕೆಂಡ್ ಶಿಫ್ಟು.
ಅವಳದು ಮೂರೂವರೆ ವರ್ಷ.

ಎದುರು ರಸ್ತೆಯ ಪ್ಲೇ ಹೋಮಿನ ಗೋಡೆ ಮೇಲೆ
ಸೇಬು, ಜಿರಾಫೆ, ಹಲ್ಲುಬಿಟ್ಟ ಸೂರ್ಯ.
ಒಳಗೆ ಹೋಗಿ ಫೀಸು ಕೇಳಿ
ಒಂದು ಲೋಟ ನೀರು ಕುಡಿದು ಬಂದೆ.

ನಮ್ಮಲ್ಲಿರುವುದು ಇಡ್ಲಿ ತಟ್ಟೆ.
ಒಂದು ಗುಳಿಗೆ ಹುರುಳಿ, ಒಂದಕ್ಕೆ ಅಲಸಂದೆ,
ಒಂದಕ್ಕೆ ಹುರಿಗಡಲೆ. ಅದು ಮಾತ್ರ
ಎಷ್ಟು ಹಾಕಿದರೂ ತುಂಬುವುದಿಲ್ಲ;
ಕೆನ್ನೆ ಉಬ್ಬಿರುತ್ತದೆ.
ಎಣಿಸು ಅಂದರೆ ಎಣಿಸುತ್ತಾಳೆ:
ಒಂದು, ಎರಡು, ಮೂರು, ಐದು.
ನಾಲ್ಕೆಲ್ಲಿ ಹೋಯ್ತು?
"ಮಲಗಿದೆ. ಕೂಗಬೇಡ."
ನಾನೂ ದನಿ ತಗ್ಗಿಸುತ್ತೇನೆ.
ಹದಿಮೂರು ವರ್ಷ ಚಿಲ್ಲರೆ ಎಣಿಸಿದ ಬೆರಳು
ನಾಲ್ಕನ್ನು ಎಬ್ಬಿಸದೆ, ಮೆಲ್ಲಗೆ,
ದಾಟಿ ಐದಕ್ಕೆ ಹೋಗುತ್ತದೆ.

ಕಾವೇರಿ ನೀರು ಬಿಡುವ ದಿನ ಬೇರೆ ಪಾಠ.
ಬಕೆಟ್ಟಿನಿಂದ ಚೊಂಬಿಗೆ, ಚೊಂಬಿನಿಂದ ಲೋಟಕ್ಕೆ,
ಲೋಟದಿಂದ ನನ್ನ ಮಡಿಲಿಗೆ.
"ತುಂಬಿತು" ಅನ್ನುತ್ತಾಳೆ ಲುಂಗಿ ನೋಡಿ.
ಮುಳುಗುವುದು ಯಾವುದು, ತೇಲುವುದು ಯಾವುದು?
ಚಮಚ ಮುಳುಗಿತು. ಬಾಟಲಿ ಮುಚ್ಚಳ ತೇಲಿತು.
ನಿಂಬೆಹಣ್ಣು ತೇಲಿದ್ದಕ್ಕೆ ಇಬ್ಬರೂ ಚಪ್ಪಾಳೆ ತಟ್ಟಿದೆವು;
ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.
ಆಮೇಲೆ ನನ್ನ ಮೊಬೈಲನ್ನು ಕೈಯಲ್ಲಿ ಹಿಡಿದು
ಬಕೆಟ್ಟಿನ ಕಡೆ ನೋಡಿ ಯೋಚಿಸತೊಡಗಿದಳು.
ಪಾಠ ಅಲ್ಲಿಗೆ ನಿಲ್ಲಿಸಿದೆ.

ಹನ್ನೊಂದಕ್ಕೆ ಬಸ್ಸು.
ಚಾಪೆ ಬಿಚ್ಚಿದರೆ ಬಸ್ಸು, ದಿಂಬುಗಳು ಸೀಟು,
ಊಟದ ತಟ್ಟೆ ಸ್ಟೇರಿಂಗು. ಅದನ್ನು ಹಿಡಿಯಲು
ಓನರ್ ಮನೆಯ ಬೆಕ್ಕು ಒಪ್ಪಲಿಲ್ಲ.
ಡ್ರೈವರಿಲ್ಲದೆ ಹೊರಟೆವು.
ನನ್ನ ಹಳೇ ಬ್ಯಾಗು ಅವಳ ಮೊಣಕಾಲಿಗೆ ಬಡಿಯುತ್ತಿದೆ.
"ಒಳಗಡೆ ಹೋಗಿ, ಒಳಗಡೆ ಹೋಗಿ,
ಅಷ್ಟು ಜಾಗ ಇಟ್ಕೊಂಡು ಬಾಗಿಲಲ್ಲಿ ಯಾಕ್ರೀ ನೇತಾಡ್ತೀರಾ?"
ಈ ಗದರುವ ದನಿ ಎಲ್ಲಿ ಕಲಿತಳು?
ನಾನು ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ.
ಮಾತಾಡುತ್ತೇನಾ?

"ಎಲ್ಲಿಗೆ?"
ಅಮ್ಮನ ಫ್ಯಾಕ್ಟರಿಗೆ ಎರಡು, ನಿಮ್ಮದೂ ಸೇರಿಸಿ.
"ನಂದು ಫ್ರೀ. ಅಮ್ಮಂದೂ ಫ್ರೀ. ನಿಂಗೆ ಇಪ್ಪತ್ತು."
ಬಾಲ್ಕನಿಗೆ ಬಿದ್ದಿದ್ದ ಬಾದಾಮಿ ಎಲೆ ಕೊಟ್ಟೆ,
ಐನೂರರ ನೋಟಿನಷ್ಟು ಉದ್ದದ್ದು.
ಅವಳು ನನ್ನನ್ನು ನೋಡಿದ ನೋಟ,
ಮೊದಲ ಟ್ರಿಪ್ಪಿನಲ್ಲೇ ಐನೂರು ಚಾಚಿದವರನ್ನು
ನಾನು ನೋಡುವ ನೋಟ.
"ಚಿಲ್ಲರೆ ಇಲ್ಲ. ಇಳಿಯುವಾಗ ಇಸ್ಕೊಳ್ಳಿ."

ಹರಿದ ಕ್ಯಾಲೆಂಡರಿನ ಚೂರಿನ ಹಿಂಬದಿಗೆ
ಕ್ರೇಯಾನ್ ಒತ್ತಿ, ನಾಲಿಗೆ ಕಚ್ಚಿ,
ಒಂದು ಸುತ್ತು ಎಳೆದಳು. ತುದಿಗಳು ಪೂರ್ತಿ ಕೂಡಲಿಲ್ಲ.
ನಡುವೆ ಒಂದು ಚುಕ್ಕಿ.
ನಿನ್ನೆಯವರೆಗೆ ಬರೀ ಗೀಚು.
ಇವತ್ತು ಸುತ್ತು.
ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು,
ಬೆಕ್ಕೂ ಹೋಗಿಬಿಟ್ಟಿತ್ತು.
ಮುಂದಿನ ಸ್ಟಾಪು ಕೂಗುವಷ್ಟರಲ್ಲಿ ಕಂಡಕ್ಟರು
ಎರಡನೇ ಸೀಟಿಗೊರಗಿ ನಿದ್ದೆ ಹೋಗಿದ್ದಳು.
ಬಸ್ಸು ಪೀಣ್ಯ ಮುಟ್ಟಲಿಲ್ಲ.

ಒಂದೂವರೆಗೆ ಅವಳನ್ನು ಎತ್ತಿ
ಕೆಳಮನೆ ನೂರ್‌ಜಾನ್ ಅಕ್ಕನ ಹಾಸಿಗೆಗೆ ದಾಟಿಸಿ
ಡಿಪೋಗೆ ಹೊರಟೆ.

ರಾತ್ರಿ ಎಂಟು. ಮಾರ್ಕೆಟ್ ಗಾಡಿ.
ಹೂವಿನ ಮೂಟೆ, ಬಾಳೆಕಂದು, ಬೆವರು,
ನಿಂತಲ್ಲೇ ನಿಂತ ಮಾಗಡಿ ರೋಡು.
ಯಾರಿಗೋ ಬಾಕಿ ಕೊಡಲು ಜೇಬಿಗೆ ಕೈ ಹಾಕಿದರೆ
ಬಂದದ್ದು ಕ್ಯಾಲೆಂಡರಿನ ಚೂರು.
ಠ ಅನ್ನಲೇ, ಸೊನ್ನೆ ಅನ್ನಲೇ,
ಗುಳಿಯಲ್ಲಿ ಉಳಿದುಹೋದ ಒಂದು ಕಾಳು ಅನ್ನಲೇ?
ನನಗೆ ಎಷ್ಟು ಬರಬೇಕೋ ಓದಲಾಗಲಿಲ್ಲ.

"ಬೇಗ ಕೊಡಿ ಸಾರ್, ಇಳೀಬೇಕು."
ಹತ್ತರ ನೋಟು ಎಣಿಸಿ ಕೈಗಿಟ್ಟೆ.
ಆತ ತಿರುಗಿ ಎಣಿಸಿ ತಲೆಯೆತ್ತಿದ:
"ಐದು ಬರಬೇಕಿತ್ತು. ಒಂದು ಕಮ್ಮಿ ಇದೆ ನೋಡಿ."

ಮಲಗಿದೆ ಅನ್ನುವುದು
ನಾಲಿಗೆ ತುದಿಯವರೆಗೆ ಬಂದಿತ್ತು.