ಬಿದಿಗೆ

ಶನಿವಾರ ರಾತ್ರಿ ಎಂಟೂವರೆ, ಕೋಲಾರದ ಬಸ್ ಸ್ಟ್ಯಾಂಡು.
ಮುಳಬಾಗಿಲು ಮುಳಬಾಗಿಲು ಎಂದು ಕೂಗುವ ಕಂಡಕ್ಟರಿಗೆ
ನಾನು ಡಾಕ್ಟರಲ್ಲ,
ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟು ಪಡೆದವಳು.
ಬಿಳಿ ಕೋಟು ಹಾಸ್ಟೆಲಿನ ಮೊಳೆಯ ಮೇಲಿದೆ.
ಬ್ಯಾಗಿನಲ್ಲಿ ಒಂದು ಸ್ವೆಟರು, ಎರಡು ಬಾಳೆಹಣ್ಣು,
ರೂಮ್‌ಮೇಟಿಗೆ ಹೇಳಿ ಬಂದ ಸುಳ್ಳು: ಚಿಕ್ಕಮ್ಮನ ಮನೆ.

ಮೂರು ತಿಂಗಳಿಂದ ಸ್ಟೈಪೆಂಡು ಬಂದಿಲ್ಲ.
ಸೀಟಿನ ಸಾಲದ ಕಂತು ಮಾತ್ರ ಐದನೇ ತಾರೀಖು ತಪ್ಪಿದ್ದಿಲ್ಲ.
ಸಿಟಿ ಒಂದಕ್ಕೆ ನೂರೈವತ್ತು, ಎಂಆರ್‌ಐಗೆ ಮುನ್ನೂರು,
ಹಗಲಿನ ಬಾಕಿಯೂ ಸೇರಿ ಹತ್ತು ದಾಟಿದರೆ
ಮೆಸ್ಸಿನವನ ಮುಖ ನೋಡಬಹುದು.
ಹಾಗಾಗಿ, ದೇವರೇ ಕ್ಷಮಿಸು,
ಹೈವೇಯಲ್ಲಿ ಬ್ರೇಕು ಕಿರುಚಿದಾಗೆಲ್ಲ
ನನ್ನ ಕಿವಿ ನೆಟ್ಟಗಾಗುತ್ತದೆ.

ಪೆಟ್ರೋಲ್ ಬಂಕಿನ ಹಿಂದೆ, ಟಯರ್ ಅಂಗಡಿಯ ಪಕ್ಕ ಸ್ಕ್ಯಾನ್ ಸೆಂಟರು.
ಎ.ಸಿ. ಇರುವುದು ಯಂತ್ರಕ್ಕೆ, ಮನುಷ್ಯರಿಗಲ್ಲ.
ಇಮ್ತಿಯಾಜ್ ಟೀ ಫ್ಲಾಸ್ಕು ಇಟ್ಟು ಹೇಳುತ್ತಾನೆ:
"ಸಹಿ ರೆಡಿ ಇದೆ ಮೇಡಂ, ನೀವು ಟೈಪ್ ಮಾಡಿದರೆ ಸಾಕು."
ಡಾಕ್ಟರ್ ಗೋವರ್ಧನರ ಸಹಿ ಕಂಪ್ಯೂಟರಿನೊಳಗೇ ಮಲಗಿರುತ್ತದೆ,
ಮೊದಲಕ್ಷರದ ಬಾಲ ನವಿಲಿನಂತೆ ಮಡಚಿಕೊಂಡು.
ಡಾಕ್ಟರು ಅವರ ಮನೆಯಲ್ಲಿ ಮಲಗಿರುತ್ತಾರೆ.
ಕಣ್ಣು ನನ್ನದು, ಹೆಸರು ಅವರದು,
ತಲೆ ಮೂರನೆಯವರದು.

ಮೂರು ಹತ್ತಕ್ಕೆ ಒಬ್ಬನನ್ನು ಆಟೋದಲ್ಲಿ ತಂದರು. ಚೆಂಗಲರಾಯ.
ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ಕ್ರೇಟು ಏರಿಸುವವನು,
ಲಾರಿಯ ಮೇಲಿಂದ ಜಾರಿದ್ದಾನೆ.
ಅಂಗಿಯ ತುಂಬ ಕೆಂಪು. ಅವನ ಹೆಂಡತಿ ಬೆರಳಲ್ಲಿ ಒರೆಸಿ ತೋರಿಸಿದಳು,
ರಕ್ತ ಅಲ್ಲಮ್ಮ, ಹಣ್ಣು.
ಒಂದರ ಕೆಳಗೊಂದು ಪದರ ಜಾರಿಸಿದೆ.
ಮಿದುಳು ಬೂದು, ಬುರುಡೆ ಬಿಳಿ,
ಆ ರಾತ್ರಿಯ ಹನ್ನೊಂದನೆಯದು.
ಗಮನಿಸುವಂಥದ್ದೇನೂ ಇಲ್ಲವೆಂದು ಟೈಪ್ ಮಾಡಿದೆ,
ನವಿಲು ಬಾಲ ಬಿಚ್ಚಿತು.
"ಏಮೀ ಲೇದು ಕದಾ ಅಮ್ಮಾ?"
"ಏಮೀ ಲೇದು," ಎಂದೆ.
ನನಗೆ ಬರುವ ತೆಲುಗು ಅಷ್ಟೇ.

ಸೋಮವಾರ, ಕಾಲೇಜಿನ ಕತ್ತಲೆ ಕೋಣೆ.
ಅದೇ ಹೆಸರು. ತಲೆನೋವು, ವಾಂತಿ, ಮಾತು ತೊದಲು.
ಜೊತೆಗೆ ಹೊರಗಿನ ಸೀಡಿ, ಹೊರಗಿನ ರಿಪೋರ್ಟು.
ಸರ್ ಮೌಸು ಹಿಡಿದು ಕಿಟಕಿಯನ್ನು ಅಗಲಿಸಿದರು.
ಕಪ್ಪು ಬಿಳುಪಿನ ಅಳತೆಗೆ ನಾವು ಹಾಗೇ ಅನ್ನುವುದು, ಕಿಟಕಿ.
ಬುರುಡೆಯ ಬಿಳಿ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಿತು.
ಎಲುಬಿನ ಒಳಮಗ್ಗುಲಿಗೆ ಒತ್ತಿಕೊಂಡು,
ತೆಳ್ಳಗೆ,
ಬಾಗಿ,
ಬಿದಿಗೆಯ ಚಂದ್ರ.
ರಂಜಾನಿನ ಕೊನೆಯ ಸಂಜೆ
ಇಮ್ತಿಯಾಜನ ಓಣಿಯವರೆಲ್ಲ ಮಾಳಿಗೆ ಹತ್ತಿ
ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುವಷ್ಟು ಸಣ್ಣದು.
ಶನಿವಾರವೂ ಇತ್ತು. ಅಲ್ಲೇ ಇತ್ತು.

"ಹೊರಗೆ ಯಾರು ಓದಿದ್ದು ಇದನ್ನ?"
ನಾಲಿಗೆ ಅಂಗುಳಕ್ಕೆ ಅಂಟಿತು.
ಸರ್ ತಿರುಗಲಿಲ್ಲ.
ಪೀಜಿ ಮಾಡುವಾಗ ಅವರೂ ಬಂಗಾರಪೇಟೆಗೆ
ರಾತ್ರಿ ರೈಲು ಹತ್ತುತ್ತಿದ್ದರಂತೆ, ಸೀನಿಯರ್ ಒಬ್ಬ ಹೇಳಿದ್ದ.
"ಸಿಕ್ಕರೆ ಅವರಿಗೆ ಹೇಳಿ,
ಕಿಟಕಿ ತೆಗೆದು ನೋಡೋಕೆ."

ಚೆಂಗಲರಾಯ ಬದುಕಿದ.
ಅರ್ಧ ತಲೆ ಬೋಳು, ಹದಿನಾಲ್ಕು ಹೊಲಿಗೆ.
ವಾರ್ಡಿನ ಬಾಗಿಲಲ್ಲಿ ಅವನ ಹೆಂಡತಿ ನನ್ನನ್ನು ಕಂಡಳು.
ಬಿಳಿ ಕೋಟಿನಲ್ಲಿ ಗುರುತು ಹತ್ತಿತೋ ಇಲ್ಲವೋ,
ಸೆರಗು ಸರಿಮಾಡಿಕೊಂಡು
ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆ ಶನಿವಾರವೂ ಬಸ್ಸು ಹತ್ತಿದೆ.
ಇನ್ನು ಹೋಗುವುದಿಲ್ಲ ಎಂದುಕೊಂಡಿದ್ದೆ ನಿಜ,
ಐದನೇ ತಾರೀಖು ಹಾಗೆಂದುಕೊಂಡಿರಲಿಲ್ಲ.
ಈಗ ಒಂದೊಂದು ತಲೆಗೂ ಮೂರು ಸಲ ಕಿಟಕಿ ಸರಿಸುತ್ತೇನೆ.
ಇಮ್ತಿಯಾಜ್ ಗಡಿಯಾರ ನೋಡುತ್ತಾನೆ, ಟೀ ಬಗ್ಗಿಸುತ್ತಾನೆ.
ಹನ್ನೊಂದು ಇದ್ದದ್ದು ಆರಕ್ಕೆ ಇಳಿದಿದೆ.
ಮೆಸ್ಸಿನವನನ್ನು ಕಂಡರೆ ಬಳಸಿ ನಡೆಯುತ್ತೇನೆ.

ರಿಪೋರ್ಟಿನ ಕೊನೆಗೆ, ನವಿಲಿನ ಕಾಲ ಬಳಿ,
ಸಣ್ಣಕ್ಷರದಲ್ಲಿ ನನ್ನ ಹೆಸರಿನ ಮೊದಲಕ್ಷರ ಇಡುತ್ತೇನೆ.
ಬೆಳಿಗ್ಗೆ ಅದನ್ನು ಯಾರೋ ಅಳಿಸುತ್ತಾರೆ.
ಮುಂದಿನ ವಾರ
ಮತ್ತೆ ಇಡುತ್ತೇನೆ.