ಒಂದು ಕೊಕ್ಕೆ

ಬ್ಯಾಲರಾಟ್ ಊರಿನ ಕೆಳಗೆ ಇನ್ನೊಂದು ಊರಿದೆ, ಪೂರಾ ತೂತು.
ಚಿನ್ನ ಬಗೆದವರು ನಕ್ಷೆ ಬರೆದಿಡಲಿಲ್ಲ.
ಹೋದ ಜೂನಿನಲ್ಲಿ ನಮ್ಮ ಹಿಂದಿನ ಬೀದಿಯ ಹಿತ್ತಲೊಂದರಲ್ಲಿ
ಬಟ್ಟೆ ಒಣಹಾಕುವ ಕಂಬ ರಾತ್ರೋರಾತ್ರಿ
ಮೊಣಕಾಲುದ್ದ ಇಳಿದಿತ್ತು, ಹರವಿದ ಟವೆಲ್ಲುಗಳ ಸಮೇತ.
ನಗರಸಭೆಯ ಲಾರಿ ಬಂದು ಕಾಂಕ್ರೀಟು ಸುರಿದು ಹೋಯಿತು.
ಅದೇ ನಗರಸಭೆಯ ಎರಡನೇ ಮಹಡಿಯಲ್ಲಿ ಕೂತು
ನಾನು ಕಾಯುವುದು ಬೇರೆ ನೆಲ.

ಬ್ರಿಜೆಟ್ ಓ'ಹ್ಯಾಲರನ್, ವಯಸ್ಸು ಎಪ್ಪತ್ತೊಂದು,
ಈಜುಕೊಳದ ಪಾಸಿಗೆ ಐದು ಸಲ ಅರ್ಜಿ ತುಂಬಿದರು.
ಐದೂ ಸಲ ಪುಟ ಬಿಳಿಚಿಕೊಂಡಿತು.
"ಹೆಸರಿನ ಮೇಲಿನ ಆ ಚುಕ್ಕೆ ಬಿಟ್ಟುಬಿಡಿ" ಎಂದನಂತೆ ಕೌಂಟರಿನ ಹುಡುಗ.
"ಚುಕ್ಕೆಯಲ್ಲಪ್ಪಾ, ಕೊಕ್ಕೆ. ನಮ್ಮ ಮುತ್ತಜ್ಜ
ಹಡಗು ಹತ್ತುವಾಗ ಟ್ರಂಕು ಬಿಟ್ಟ, ಹೆಂಡತಿಯನ್ನೂ ಬಿಟ್ಟ,
ಇದೊಂದನ್ನು ಬಿಡಲಿಲ್ಲ."
ದೂರು ಮೆಟ್ಟಿಲು ಹತ್ತಿ ನನ್ನ ಮೇಜಿಗೆ ಬಂತು.

ಆ ಹೆಸರನ್ನು ನಾನೂ ಟೈಪಿಸಿದೆ.
ಕೊಕ್ಕೆ ಬಿದ್ದಲ್ಲಿ ಹೆಸರು ಮುಗಿಯಿತೆಂದುಕೊಂಡ ಯಂತ್ರ
ಉಳಿದ ಅಕ್ಷರಗಳನ್ನು ಆಜ್ಞೆಯೆಂದು ಓದುತ್ತಿತ್ತು.
ಕೊಕ್ಕೆಯ ಹಿಂದೆ ಹ್ಯಾಲರನ್ ಎಂದಿದ್ದರೆ ಬರೀ ತೊದಲುತ್ತದೆ.
ಬೇರೆ ಯಾರಾದರೂ ಬೇರೇನಾದರೂ ಬರೆದರೆ
ಇಡೀ ಊರಿನ ಹುಟ್ಟಿದ ದಿನಗಳನ್ನು ತಂದು ಕೈಗಿಡುತ್ತದೆ.
ಬೆನ್ನು ತಣ್ಣಗಾಯಿತು.
ತಪ್ಪು ನಮ್ಮ ಕೋಡಿನಲ್ಲಿರಲಿಲ್ಲ, ಅದರಡಿಯ ಫ್ರೇಮ್‌ವರ್ಕಿನಲ್ಲಿತ್ತು,
ಎಷ್ಟೋ ಸಾವಿರ ಸೈಟುಗಳನ್ನು ಹೊತ್ತು ನಿಂತ ಚೌಕಟ್ಟು,
ಯಾರೋ ಬಿಟ್ಟಿ ಕಟ್ಟಿಕೊಟ್ಟದ್ದು, ಯಾರೂ ಬಗ್ಗಿ ನೋಡದ್ದು.

ನಾನು ಹುಟ್ಟಿದ್ದು ಕೆಜಿಎಫ್‌ನ ಗಣಿ ಲೈನಿನಲ್ಲಿ.
ಕೆಳಗೆ ಬಂಡೆ ಸಿಡಿದರೆ
ಮೇಲೆ ಸ್ಟ್ಯಾಂಡಿನ ಲೋಟಗಳು ಮೊದಲು ಮಾತಾಡುತ್ತಿದ್ದವು.
ಅಮ್ಮ ಒಲೆ ಆರಿಸಿ, ಅಕ್ಕಪಕ್ಕದವರನ್ನೆಲ್ಲ ಕೂಗಿ,
ಸೈರನ್ನಿಗೆ ಕಿವಿಗೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು.
ಇಲ್ಲಿ ಕೂಗುವಂತಿಲ್ಲ.
ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬರುವವನು ಎದೆಗೆ ಒದೆಯುವುದಿಲ್ಲ,
ನೇರ ಒಳಮನೆಗೇ ಹೋಗುತ್ತಾನೆ.
ಗುಟ್ಟಾಗಿ ಒಂದು ಕಾಗದ ಬರೆದೆ, ಬೀಗ ಹಾಕಿ ಕಳಿಸಿದೆ.

ಮೂರನೇ ದಿನ ಹೆನ್ರಿಕ್ ಎಂಬವರ ಉತ್ತರ:
"ಆ ಸಾಲು ನನ್ನದೇ. ಮಗಳು ಹುಟ್ಟಿದ ವಾರ ನಿದ್ದೆಗಣ್ಣಲ್ಲಿ ಬರೆದದ್ದು.
ಅವಳಿಗೀಗ ಹನ್ನೊಂದು. ಹತ್ತೊಂಬತ್ತು ದಿನ ಕೊಡಿ."

ಹತ್ತೊಂಬತ್ತು ದಿನ
ಬಾಯ ತುಂಬ ನೀರಿಟ್ಟುಕೊಂಡವಳ ಹಾಗೆ ಓಡಾಡಿದೆ.
ಹಲ್ಲಿನ ಡಾಕ್ಟರು, ಪ್ರೈಮರಿ ಶಾಲೆ, ಮೂಲೆಯ ಹೂವಿನಂಗಡಿ,
ಯಾರ ಸೈಟಿನ ಅಡಿಯಲ್ಲಿ ಆ ಚೌಕಟ್ಟಿನ ಹೆಸರು ಕಂಡರೂ
ಹಿತ್ತಲಿನ ಆ ಟವೆಲ್ಲುಗಳು ಕಣ್ಣ ಮುಂದೆ.

ತೇಪೆ ಬಂತು.
ಮೂರು ಸಾಲು ಹೋಗಿ ಒಂದು ಸಾಲು ಬಂದಿತ್ತು, ಅಷ್ಟೆ.
ಆದರೆ ತೇಪೆಯೇ ತೂತಿನ ವಿಳಾಸ:
ಅದು ಬಿದ್ದ ಗಳಿಗೆಯಿಂದ, ಹೊಲಿದುಕೊಳ್ಳದವರೆಲ್ಲ
ನಡುಬೀದಿಯಲ್ಲಿ ಬೆತ್ತಲೆ.
ಅಂದು ರಾತ್ರಿ ಒಬ್ಬಳೇ ಕೂತು ಏರಿಸಿದೆ.
ಕಸದ ಲಾರಿಯ ಕ್ಯಾಲೆಂಡರು ಮುರಿಯಿತು, ಸರಿಮಾಡಿದೆ.
ನಾಯಿ ಲೈಸೆನ್ಸು ಮುರಿಯಿತು, ಬೆಳಗಾಗಲಿ ಎಂದು ಬಿಟ್ಟೆ.
ಹೂವಿನಂಗಡಿಗೆ ನಾಲ್ಕು ಸಲ ಫೋನು.
"ಅದನ್ನು ಮಾಡಿಕೊಟ್ಟವನು ಪರ್ತ್‌ಗೆ ಹೋದ.
ಚೆನ್ನಾಗೇ ಓಡ್ತಿದೆಯಲ್ಲ?"
ಓಡುತ್ತಿತ್ತು.

ವಾರದ ಮೇಲೆ ಬ್ರಿಜೆಟ್ ಅವರ ಕರೆ. ಪಾಸು ಕೈಸೇರಿದೆ.
"ಓ ಅಂತಿದೆ. ಆಮೇಲೆ ದಾರದ ಗಂಟಿನಂಥದ್ದು ಏನೋ,
ಒಂದು ಪುಟ್ಟ ಜಾಲರಿ, ಮೂವತ್ತೊಂಬತ್ತು,
ಕೊನೆಗೆ ಹ್ಯಾಲರನ್. ಯಾರಮ್ಮ ಈ ಮೂವತ್ತೊಂಬತ್ತು?"

ಕೊಕ್ಕೆ ಯಾರನ್ನೂ ಚುಚ್ಚದಿರಲೆಂದು ತೊಡಿಸುವ ಅಂಗಿ ಅದು.
ಚೌಕಟ್ಟು ಒಂದು ತೊಡಿಸಿತ್ತು, ಮೇಲೆ ನಾನೊಂದು ತೊಡಿಸಿದ್ದೆ.
ಕ್ಷಮೆ ಕೇಳಿದೆ.
"ಇರಲಿ ಬಿಡು, ನೀರಿಗೇನು ಓದಕ್ಕೆ ಬರುತ್ತಾ?" ಎಂದರು.
ಫೋನಿನಾಚೆ ಮಕ್ಕಳ ಕಿರುಚಾಟ, ಸೀಟಿ,
ಯಾರೋ ಧುಮುಕಿದ ಸದ್ದು.