ಮೊದಲ ಸೆಕೆಂಡು

ಅತ್‌ಬಾಶಿ ಅಂದರೆ ಕಿರ್ಗಿಜ್ ಮಾತಿನಲ್ಲಿ ಕುದುರೆಯ ತಲೆ.
ಆ ತಲೆಯ ಕಿವಿಯಷ್ಟೆತ್ತರದಲ್ಲೊಂದು ಶಾಲೆ,
ಶಾಲೆಯ ಭೂಗೋಳದ ಕೋಣೆ, ಮೇಜಿನ ಮೇಲೆ ನನ್ನ ಯಂತ್ರ:
ಬುತ್ತಿ ಡಬ್ಬಿಯಷ್ಟು ಗಾತ್ರ, ರಟ್ಟಿನ ಬಿಳಿ ಕೊಳವೆ,
ಮೂಗಿಗೊಂದು ಕ್ಲಿಪ್ಪು.

ಬೆಳಗಿನಿಂದ ಕೂಗಿ ಕೂಗಿ ಗಂಟಲು ಹರಿದಿತ್ತು.
ಎಳಕೋ, ತುಂಬ, ಇನ್ನೂ, ಹೊಟ್ಟೆಯ ತಳದ ತನಕ,
ಈಗ ಊದು! ಊದು ಊದು ಊದು ಊದು
ನಿಲ್ಲಿಸಬೇಡ, ಇದೆ,
ಚೀಲದ ಮೂಲೆಯಲ್ಲಿ ಹಿಟ್ಟು ಇನ್ನೂ ಇದೆ, ಕೊಡವು!
ಹೊರಗೆ ಸಾಲಿನಲ್ಲಿ ನಿಂತವರಿಗೆ ನಗು,
ಒಳಗೆ ಹೆರಿಗೆಯೋ ಏನೋ ಎಂದು.

ಬುರುಲ್, ಮೂವತ್ತಮೂರು. ಕಾಯಿಲೆ ಏನೂ ಇಲ್ಲ.
ಕೆಮ್ಮುವ ಅತ್ತೆಯ ಜೊತೆಗೆ ಬಂದವಳು.
“ನನ್ನದ್ಯಾಕೆ? ನೀರು ಹೊತ್ತು ದಿಬ್ಬ ಹತ್ತುತ್ತೇನೆ.
ಈಚೆಗೆ ನಡುವೆ ಒಂದು ಸಲ ನಿಲ್ಲುತ್ತೇನೆ, ಅಷ್ಟೆ.
ಬೆಟ್ಟ ನೋಡುವುದಕ್ಕೆ.”

ಬೆಟ್ಟ ನೋಡಲು ನಿಲ್ಲುವವರ ಮೇಲೆಯೇ ನನ್ನ ಕಣ್ಣು.

ಎದೆಯಲ್ಲಿದ್ದದ್ದು ಹೇಗೋ ಹೊರಗೆ ಬಂದೇ ಬರುತ್ತದೆ;
ಮೊದಲ ಸೆಕೆಂಡಿಗೆ ಎಷ್ಟು ಬಂತು, ಕೇಳುವುದು ಅದನ್ನು.
ದೊಡ್ಡಿಯ ಬಾಗಿಲು ತೆರೆದರೆ ಕುರಿಗಳೆಲ್ಲ ಒಮ್ಮೆಗೇ ನುಗ್ಗಬೇಕು.
ಒಂದೊಂದಾಗಿ ಬಂದರೆ
ಕುರಿಯ ತಪ್ಪಲ್ಲ, ಬಾಗಿಲು ಕಿರಿದಾಗಿದೆ.

ಅವಳದು ನೂರರಲ್ಲಿ ಎಪ್ಪತ್ತೊಂದು.
ಎಪ್ಪತ್ತರ ಕೆಳಗಿಳಿದರೆ ಯಂತ್ರವೇ ಕೆಂಪಕ್ಷರದಲ್ಲಿ ಬರೆಯುತ್ತದೆ,
ಎಪ್ಪತ್ತೊಂದಕ್ಕೆ ಸುಮ್ಮನಿರುತ್ತದೆ.
ನನ್ನ ನೋಟುಬುಕ್ಕು ಸುಮ್ಮನಿರುವುದಿಲ್ಲ:
ಮೂರು ವರ್ಷದ ಹಿಂದೆ, ಇದೇ ಬುರುಲ್, ಇದೇ ಅತ್ತೆಯ ಜೊತೆ,
ಎಪ್ಪತ್ತೊಂಬತ್ತು.

ಒಲೆಗೆ ಏನು ಹಾಕುತ್ತೀ?
ಬೆರಣಿ. ಚಳಿ ಕಚ್ಚಿದರೆ ಕಲ್ಲಿದ್ದಲು.
ಹೊಗೆ ಕೊಳವೆ?
ತುಕ್ಕು ತಿಂದು ಮುರಿಯಿತು. ಎರಡು ಚಳಿಗಾಲವಾಯ್ತು.
ಆ ವರ್ಷ ಮೈದುನನ ಮದುವೆ.
ಸಿಗರೇಟು?
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
“ಸೇದುವುದು ಅವರು. ನಾನು ಬರೀ ಅಡುಗೆ ಮಾಡುತ್ತೇನೆ.”

ಲೀಟರು, ಶೇಕಡಾ, ಶ್ವಾಸನಾಳದ ಒಳಗೋಡೆ,
ನಾನು ಹೇಳುತ್ತ ಹೋದೆ. ಅವಳ ಕಣ್ಣು ಭೂಪಟದಲ್ಲಿ
ಯಾವುದೋ ಸಮುದ್ರದಲ್ಲಿತ್ತು.
“ಅತ್ತೆಯೆದುರು ಇದರ ಉಸಿರೆತ್ತಬೇಡಿ,” ಅಂದಳು,
ಹೊತ್ತಾರೆಯಿಂದ ಉಸಿರಿಗಾಗಿಯೇ ಅರಚಿದವಳಿಗೆ.

ಅಷ್ಟರಲ್ಲಿ ಮಗಳು ಸೆಜಿಮ್, ಐದರವಳು,
ಯಂತ್ರ ಉಗುಳಿದ ಕಾಗದ ಎಳೆದುಕೊಂಡು
ಗೆರೆಯ ಕೆಳಗೆ ನನ್ನ ಪೆನ್ನಿನಲ್ಲೇ ನಾಲ್ಕು ಕಾಲು ಬರೆದಿದ್ದಳು.
ಚೂಪಾಗಿ ಏರಿದ್ದು ಕತ್ತು, ಕಿವಿ.
ನೇರ ಇಳಿಯಬೇಕಿದ್ದ ಗೆರೆ ಒಳಕ್ಕೆ ಕುಸಿದು
ಬೆನ್ನು.

ಬುರುಲ್ ಕಾಗದವನ್ನು ಕೈಗೆ ತೆಗೆದುಕೊಂಡಳು.
ಕುದುರೆ ಸಾಕಿದವರ ಮನೆಯ ಹುಡುಗಿ;
ಹಲ್ಲೆಣಿಸುವವಳ ಹಾಗೆ ಬೆಳಕಿಗೆ ಹಿಡಿದಳು.
“ಬೆನ್ನು ಜೋತಿದೆ. ಇಷ್ಟು ಎಳೇದರ ಮೇಲೆ ಯಾರು ಹೇರಿದರು?”

ನಾನು ಕ್ಲಿಪ್ಪನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ.
ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದೆ.

“ಕೊಳ್ಳುವ ಮುಂಚೆ ಅಪ್ಪ ಕುದುರೆಯನ್ನು ದಿಬ್ಬ ಹತ್ತಿಸಿ
ಪಕ್ಕೆಗೆ ಕಿವಿಯಿಟ್ಟು ಕೇಳುತ್ತಿದ್ದ,” ಅಂದಳು,
“ಸೊರಗಿದ ಕುದುರೆಯದಲ್ಲ.
ಚೆನ್ನಾಗಿ ಕಾಣುವ ಕುದುರೆಯದು.”

ಹೊರಗೆ ಅತ್ತೆ ಕಾನಿಶಾಯಿಯ ಕೆಮ್ಮು
ಸಾಲಿನಲ್ಲಿ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿತ್ತು.

ಬಾಗಿಲವರೆಗೆ ಹೋದವಳು ತಿರುಗಿ ನಿಂತು ಕೇಳಿದಳು:
“ತಗಡಿನ ಕೊಳವೆ, ಆರಡಿಯದು, ಪೇಟೆಯಲ್ಲಿ ಈಗ ಎಷ್ಟು?”
ನನಗೆ ಗೊತ್ತಿರಲಿಲ್ಲ.

ಎಪ್ಪತ್ತೊಂದರ ಪಕ್ಕದಲ್ಲಿ ಬರೆದುಕೊಂಡೆ:
ಕೊಳವೆ. ಆರಡಿ. ಬೆಲೆ ಕೇಳು.